ಗೋವಾ ಕಡಲಡಿಯ ಮಂಗಳೂರು ಹಂಚಿನ ಹಡಗಿಗೆ ಕಾವಲು ಬೇಕು: ಒಂದು ಬಹಿರಂಗ ಪತ್ರ

ಇವರಿಗೆ,
ಮಹಾನಿರ್ದೇಶಕರು, ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆ, ನವದೆಹಲಿ;
ಗೋವಾ ಸರ್ಕಾರದ ಪುರಾತತ್ತ್ವ ಹಾಗೂ ಪ್ರವಾಸೋದ್ಯಮ ಇಲಾಖೆಗಳ ನಿರ್ದೇಶಕರು;
ಕರ್ನಾಟಕ ಸರ್ಕಾರದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಯುಕ್ತರು;
ಹಾಗೂ ಗೋವಾದ ಕಡಲಲ್ಲಿ ಸ್ಕೂಬಾ ಡೈವಿಂಗ್‌ಗೆ ಹೋಗುವ ಕನ್ನಡಿಗರೆಲ್ಲರಿಗೆ.

ಮಾನ್ಯರೇ,

ಮುರ್ಮುಗೋವಾ ಬಂದರಿನ ಹೊರಗೆ, ಗ್ರಾಂಡೆ ದ್ವೀಪದ ನೆರೆಯಲ್ಲಿ, ಸೇಂಟ್ ಜಾರ್ಜ್ ರೀಫ್ ಎಂಬ ಬಂಡೆಸಾಲು ನೀರಿನಡಿ ಅಡಗಿದೆ. ಅದರ ಮೇಲೆ ಒಡೆದ ಹಡಗೊಂದರ ಸರಕು ಇಂದಿಗೂ ಅಲ್ಲಿಯೇ ಬಿದ್ದಿದೆ ಎಂಬುದನ್ನು ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಕಡಲ ಪುರಾತತ್ತ್ವ ತಜ್ಞರು ಎರಡು ದಶಕಗಳ ಹಿಂದೆಯೇ ತಮ್ಮ ಸಂಶೋಧನಾ ಲೇಖನಗಳಲ್ಲಿ ದಾಖಲಿಸಿದ್ದಾರೆ. ಆ ಸರಕು ಚಿನ್ನವೂ ಅಲ್ಲ, ಸಂಬಾರ ಪದಾರ್ಥವೂ ಅಲ್ಲ. ಮಾಡಿಗೆ ಹೊದಿಸುವ ಹಂಚು, ಮಾಡಿನ ನೆತ್ತಿಯ ಮೇಲೆ ಕೂರಿಸುವ ಹಂಚು, ನೆಲಕ್ಕೆ ಹಾಸುವ ಬಿಲ್ಲೆ, ಹೊಗೆಗೂಡಿನ ಇಟ್ಟಿಗೆ, ಕಂಬದ ತುಂಡುಗಳು ಮತ್ತು ಕಂಬದ ತಲೆಗೆ ಇಡುವ ಅಲಂಕಾರದ ಬೋದಿಗೆಗಳು. ಎಲ್ಲವೂ ಸುಟ್ಟ ಮಣ್ಣಿನವು. ಅವುಗಳ ಮೇಲೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್ ಎಂಬ ಹೆಸರು, 1865 ಎಂಬ ಇಸವಿ ಒತ್ತಿದಂತೆ ಮೂಡಿವೆ. ಈ ತಾಣವನ್ನೂ ಇದರ ಆಸುಪಾಸಿನ ಇನ್ನೆರಡು ಹಳೆಯ ಅವಶೇಷ ತಾಣಗಳನ್ನೂ ಡೈವರ್‌ಗಳಿಗೆ ಮುಚ್ಚದೆ, ಹಾಗೆಂದು ಈಗಿನಂತೆ ಹೇಳುವವರು ಕೇಳುವವರು ಇಲ್ಲದೆಯೂ ಬಿಡದೆ, ಸಂರಕ್ಷಿತ ಕಡಲ ಪರಂಪರೆಯ ತಾಣಗಳೆಂದು ಘೋಷಿಸಿ ನಿರ್ವಹಿಸಬೇಕೆಂದು ಕೋರುವುದಕ್ಕಾಗಿ ಈ ಪತ್ರ.

ಮಂಗಳೂರಿನವನಾದ ನನಗೆ ಈ ಹಂಚು ಹೊಸದಲ್ಲ, ನಮ್ಮ ಕರಾವಳಿಯ ಯಾರಿಗೂ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರತಂದಿತು, 1894ರಲ್ಲಿ ಕಿಟೆಲರ ನಿಘಂಟನ್ನು ಅಚ್ಚು ಹಾಕಿತು. ಇವೆರಡರ ನಡುವೆ 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಂಡೆಯ ಜೇಡಿಮಣ್ಣು, ಒಂದರೊಳಗೊಂದು ಕೊಕ್ಕೆ ಹಾಕಿಕೊಂಡು ಕೂರುವ ಅದರ ವಿನ್ಯಾಸ, ಮುಳಿಹುಲ್ಲಿನ ಮಾಡಿಗೆ ಇರುತ್ತಿದ್ದ ಬೆಂಕಿಯ ಭಯ ಇಲ್ಲದಿರುವುದು, ಇವೆಲ್ಲ ಸೇರಿ ಮಂಗಳೂರು ಹಂಚನ್ನು ಅರಬ್ಬಿ ಕಡಲಿನ ಎರಡೂ ದಡಗಳ ಮಾಡುಗಳಿಗೆ ಏರಿಸಿದವು. ಹಳೆಯ ಬಂದರಿನಿಂದ ಮಂಜಿ ಎಂಬ ಹಾಯಿದೋಣಿಗಳಲ್ಲಿ, ದೊಡ್ಡ ಹಡಗುಗಳಲ್ಲಿ ಅದು ಮುಂಬಯಿಗೆ, ಸಿಲೋನಿಗೆ, ಬರ್ಮಾಕ್ಕೆ, ಪೂರ್ವ ಆಫ್ರಿಕಾಕ್ಕೆ ಹೋಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟಿಗೆ ಒಪ್ಪಿಸಿದ ಮೇಲೆ ಆ ಮುದ್ರೆಯ ಕಾಲ ಮುಗಿಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಂಚಿನ ಮೇಲಿರುವ 1865 ಕಾರ್ಖಾನೆ ಹುಟ್ಟಿದ ಇಸವಿಯೇ ಹೊರತು ಹಂಚು ಸುಟ್ಟ ಇಸವಿಯಲ್ಲ, ಹಡಗು ಮುಳುಗಿದ ಇಸವಿಯಂತೂ ಅಲ್ಲವೇ ಅಲ್ಲ. ಅದೇ ಅಂಕೆಯನ್ನು ಹೊತ್ತ ಹಂಚುಗಳು ಆಮೇಲೆ ಬಹುಕಾಲ ಗೂಡಿನಿಂದ ಹೊರಬಂದಿವೆ. ನಮ್ಮ ಊರಿನ ಯಾವುದೇ ಹಳೆಯ ಮನೆಯ ಅಟ್ಟ ಹತ್ತಿದವರಿಗೆ ಇದು ಗೊತ್ತು. ಪ್ರವಾಸಿಗರಿಗೆ ಕಥೆ ಹೇಳುವ ಉತ್ಸಾಹದಲ್ಲಿ ಇದನ್ನು 1865ರ ಹಡಗು ಎಂದು ಕರೆಯುವುದು ಸರಿಯಲ್ಲ. ಆ ವರ್ಷದ ಅನಂತರ ಮಂಗಳೂರಿನ ಕಟ್ಟಡ ಸಾಮಗ್ರಿ ಹೊತ್ತು ಹೊರಟ ಹಡಗೊಂದು ಗೋವಾದ ಈ ಬಂಡೆಗೆ ಬಡಿಯಿತು ಎನ್ನುವಷ್ಟು ಮಾತ್ರ ಆ ಮುದ್ರೆಯಿಂದ ನೇರವಾಗಿ ಸಿದ್ಧವಾಗುತ್ತದೆ. ಉಳಿದದ್ದನ್ನು ಹೇಳಬೇಕಾದದ್ದು ಯಾವ ವಸ್ತು ಯಾವುದರ ಪಕ್ಕದಲ್ಲಿ, ಯಾವುದರ ಕೆಳಗೆ, ಯಾವ ದಿಕ್ಕಿಗೆ ಬಿದ್ದಿದೆ ಎಂಬ ವಿವರ. ಒಬ್ಬ ಡೈವರ್ ನೆನಪಿಗೆಂದು ಒಂದು ಬಿಲ್ಲೆಯನ್ನು ಎತ್ತಿಕೊಂಡು ಬಂದರೆ ಕಳೆದುಹೋಗುವುದು ಆ ಬಿಲ್ಲೆಯಷ್ಟೇ ಅಲ್ಲ, ಈ ವಿವರವೂ ಹೋಗುತ್ತದೆ. ಮಂಗಳೂರಿನ ಗುಜರಿಯಲ್ಲಿ ಅಂಥದೇ ಬಿಲ್ಲೆ ಇಂದಿಗೂ ಸಿಕ್ಕೀತು, ಆದರೆ ಕಡಲತಳದ ಆ ಸಾಲು ಮತ್ತೆ ಸಿಗದು.

ಹತ್ತಿರದ ಸುಂಚಿ ರೀಫ್ ಇದಕ್ಕಿಂತ ಹಳೆಯ ಕಥೆ. ಅಲ್ಲಿ ಬರೀ 3ರಿಂದ 6 ಮೀಟರ್ ಆಳದ ನೀರಿನಲ್ಲಿ ಕಬ್ಬಿಣದ ಫಿರಂಗಿಗಳು, ಆನೆಯ ದಂತ, ನೀರುಕುದುರೆಯ ಹಲ್ಲು, ಚೀನಾದ ಪಿಂಗಾಣಿ ಚೂರುಗಳು, ಮಾರ್ತಬಾನ್ ಎಂಬ ದೊಡ್ಡ ಶೇಖರಣಾ ಜಾಡಿಯ ತುಂಡುಗಳು, ಕಡೆದ ಗ್ರಾನೈಟ್ ಕಲ್ಲುಗಳು ದೊರೆತಿದ್ದು, 17ನೇ ಶತಮಾನದ ಆರಂಭದ ಪೋರ್ಚುಗೀಸ್ ಹಡಗಿನವು ಇವೆಂದು ತಜ್ಞರು ಭಾವಿಸಿದ್ದಾರೆ. ಆಫ್ರಿಕಾದ ದಂತವೂ ಚೀನಾದ ಪಿಂಗಾಣಿಯೂ ಒಂದೇ ಬಂಡೆಯ ಬುಡದಲ್ಲಿ ಬಿದ್ದಿರುವುದು ಅಂದಿನ ಗೋವಾ ಎಂಥ ಸಂತೆಯಾಗಿತ್ತೆಂಬುದನ್ನು ಯಾವ ದಾಖಲೆ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳುತ್ತದೆ. ಮೂರನೆಯ ತಾಣವಾದ ಆಮೀ ಶೋಲ್ಸ್‌ನಲ್ಲಿ ಉಗಿಹಡಗೊಂದರ ಬಾಯ್ಲರ್ ಮತ್ತು ಯಂತ್ರಭಾಗಗಳಿವೆ. ಹಾಯಿಯ ಕಾಲದಿಂದ ಉಗಿಯ ಕಾಲದವರೆಗಿನ ಪಶ್ಚಿಮ ಕರಾವಳಿಯ ವ್ಯಾಪಾರದ ಸಾಕ್ಷ್ಯ ಹೀಗೆ ಒಂದೇ ಬಂದರಿನ ಬಾಗಿಲಲ್ಲಿ ಸಿಗುವುದು ಅಪರೂಪ.

ನೀರು ಆಳವಿಲ್ಲದಿರುವುದು ಈ ತಾಣಗಳ ಭಾಗ್ಯವೂ ಹೌದು, ಕಂಟಕವೂ ಹೌದು. ಹತ್ತು ಹನ್ನೆರಡು ಮೀಟರಿನೊಳಗೆ ಸೂರ್ಯನ ಬೆಳಕು ತಳ ಮುಟ್ಟುತ್ತದೆ, ಸಿಲಿಂಡರಿನ ಗಾಳಿ ಹೆಚ್ಚು ಹೊತ್ತು ಬಾಳುತ್ತದೆ, ಹೊಸಬರಿಗೂ ಭಯವಿಲ್ಲ. ಆದರೆ ಮಳೆಗಾಲದ ದೊಡ್ಡ ಅಲೆಗಳ ಎಳೆತವೂ ಅಷ್ಟೇ ಸಲೀಸಾಗಿ ತಳ ಮುಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಅಲ್ಲಿರುವುದನ್ನೆಲ್ಲ ಉರುಳಿಸುತ್ತದೆ, ಮರಳಿನಲ್ಲಿ ಹೂಳುತ್ತದೆ, ಮತ್ತೆ ತೆರೆಯುತ್ತದೆ. ಬೆಚ್ಚನೆಯ ನೀರಿನಲ್ಲಿ ಮರವನ್ನು ಹಡಗುಹುಳುವೆಂಬ ಚಿಪ್ಪುಜೀವಿ ಕೊರೆದು ತಿಂದು ಮುಗಿಸುತ್ತದೆ. ಕಬ್ಬಿಣ ತುಕ್ಕಾಗಿ ಗಡ್ಡೆಗಟ್ಟುತ್ತದೆ. ಸುಟ್ಟ ಮಣ್ಣು ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಉಳಿಯುತ್ತದೆ. ಹೀಗಾಗಿ ನಮ್ಮ ಪಶ್ಚಿಮ ಕರಾವಳಿಯ ಆಳವಿಲ್ಲದ ನೀರಿನಲ್ಲಿ ಸಿನಿಮಾದಲ್ಲಿ ತೋರಿಸುವಂಥ, ಕೂವೆಕಂಬ ನಿಂತಿರುವ ಇಡೀ ಹಡಗನ್ನು ನೋಡುವ ಆಸೆಯಿಂದ ಇಳಿಯುವವರಿಗೆ ನಿರಾಸೆ ಖಂಡಿತ. ನೋಡಲು ಕಲಿತವರಿಗೆ ಮಾತ್ರ ಅಲ್ಲಿ ಹಡಗು ಕಾಣುತ್ತದೆ.

ಹಾಗೆ ನೋಡುವವರಿಗೆ ಮೊದಲು ಕಾಣುವುದು ಜೀವರಾಶಿಯೇ. ಗ್ರಾಂಡೆ ದ್ವೀಪದ ಸುತ್ತಲಿನ ನೀರು ಲಕ್ಷದ್ವೀಪದಂತೆ ಗಾಜಿನ ನೀರಲ್ಲ. ಜುವಾರಿ ಹೊಳೆ ಮತ್ತು ಬಂದರಿನ ಕಡೆಯಿಂದ ಬರುವ ಕೆಸರು ಅದರಲ್ಲಿ ತೇಲುತ್ತಿರುತ್ತದೆ, ಎಷ್ಟೋ ದಿನ ಚಾಚಿದ ಕೈಯ ಆಚೆಗೆ ಸ್ವಲ್ಪವೇ ದೂರ ಕಾಣುತ್ತದೆ. ಇಂಥ ಮಬ್ಬು ನೀರಿನಲ್ಲಿ, ಮರಳು ಮತ್ತು ಕೆಸರಿನ ನಡುವೆ, ಗಟ್ಟಿಯಾದ ಒಂದು ಮೈ ಸಿಕ್ಕರೆ ಜೀವಿಗಳು ಅದನ್ನು ಮುತ್ತುತ್ತವೆ. ಮೊದಲು ಸೂಕ್ಷ್ಮಜೀವಿಗಳ ಲೋಳೆಪದರ, ಆಮೇಲೆ ಬಾರ್ನಕಲ್, ಸಿಂಪಿ, ಕೊಳವೆಹುಳು, ಆಮೇಲೆ ಸ್ಪಂಜು ಮತ್ತು ಮೃದುಹವಳ, ನಿಧಾನವಾಗಿ ಗಟ್ಟಿಹವಳ. ಸ್ಪಂಜನ್ನು ತಿನ್ನಲು ಚಿಪ್ಪಿಲ್ಲದ ಬಣ್ಣಬಣ್ಣದ ಕಡಲ ಬಸವನಹುಳುಗಳು ಬರುತ್ತವೆ. ಸಂದಿಗಳಲ್ಲಿ ಹಾವುಮೀನು ಬಾಯಿ ತೆರೆದು ಮುಚ್ಚುತ್ತಾ ಕಾಯುತ್ತದೆ. ಚಾಚಿನ ಕೆಳಗೆ ಸಿಂಹಮೀನು ತಲೆಕೆಳಗಾಗಿ ತೇಲುತ್ತದೆ. ಮುರುಮೀನು ತನ್ನ ಗುಹೆಯ ಬಾಗಿಲಲ್ಲಿ ಯಜಮಾನನಂತೆ ನಿಲ್ಲುತ್ತದೆ. ಕೆಂಬೇರಿಯ ಜಾತಿಯ ಮೀನುಗಳು ಹಿಂಡುಗಟ್ಟಿ ಮೇಲೆ ಸುತ್ತುತ್ತವೆ. ಪ್ರವಾಸಿಗರು ಸೂಸೀಸ್ ರೆಕ್ ಎಂದು ಕರೆಯುವ, ದ್ವೀಪದ ಹತ್ತಿರದ ಲೋಹದ ಅವಶೇಷದ ಮೇಲೆ ಇಳಿದವರು ಇದನ್ನೆಲ್ಲ ಒಂದೇ ಮುಳುಗಿನಲ್ಲಿ ನೋಡಿರುತ್ತಾರೆ. ಅಲ್ಲಿನ ಮೀನುಗಳ ಗುಂಪು ಡೈವರ್‌ನ ಗುಳ್ಳೆಗಳನ್ನು ಲೆಕ್ಕಿಸದೆ ಅವನನ್ನೇ ಸುತ್ತಿಕೊಂಡು ಸಾಗುವ ಕ್ಷಣಕ್ಕಾಗಿಯೇ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತುವವರಿದ್ದಾರೆ. ಅವರಲ್ಲಿ ನಾನೂ ಒಬ್ಬನಾಗಿದ್ದೆ.

ಹಂಚಿನ ಅವಶೇಷಕ್ಕೆ ಈ ವಿಷಯದಲ್ಲಿ ಒಂದು ವಿಶೇಷ ಮಹತ್ವವಿದೆ, ಇದನ್ನು ಇಲಾಖೆಗಳು ಗಮನಿಸಬೇಕು. ಹವಳದ ಮರಿಗಳು ಒಂದು ಕಡಲಲ್ಲಿ ಎಷ್ಟು ನೆಲೆಯೂರುತ್ತಿವೆ ಎಂದು ಎಣಿಸಲು ಜಗತ್ತಿನಾದ್ಯಂತ ಜೀವವಿಜ್ಞಾನಿಗಳು ಬಳಸುವ ಸಾಧನ ಮೆರುಗು ಹಚ್ಚದ ಸುಟ್ಟ ಮಣ್ಣಿನ ಬಿಲ್ಲೆಯೇ. ಅದನ್ನು ತಳದಲ್ಲಿ ಕಟ್ಟಿ, ಕೆಲವು ತಿಂಗಳ ಬಳಿಕ ಎತ್ತಿ, ಸೂಕ್ಷ್ಮದರ್ಶಕದಡಿ ಮರಿಗಳನ್ನು ಎಣಿಸುತ್ತಾರೆ, ಏಕೆಂದರೆ ಅದರ ಒರಟು, ರಂಧ್ರಮಯ ಮೈ ಹವಳದ ಮರಿಗೆ ಬಂಡೆಯಂತೆಯೇ ಒಗ್ಗುತ್ತದೆ. ಸೇಂಟ್ ಜಾರ್ಜ್ ರೀಫ್‌ನಲ್ಲಿ ಅಂಥ ಬಿಲ್ಲೆಗಳು ಯಾರ ಅನುದಾನವೂ ಇಲ್ಲದೆ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ನೀರಿನಲ್ಲಿವೆ. ಗ್ರಾಂಡೆ ದ್ವೀಪದ ಹವಳಗಳು, ಟರ್ಬಿನೇರಿಯಾ ಮತ್ತು ಪೊರೈಟಿಸ್‌ನಂಥ ಕೆಸರು ತಾಳಿಕೊಳ್ಳುವ ಗಟ್ಟಿ ಜಾತಿಗಳು ಸಹ, ಇತ್ತೀಚಿನ ವರ್ಷಗಳ ಕಡಲ ಬಿಸಿಗೆ ಬಿಳಿಚಿಕೊಂಡಿರುವುದು ವರದಿಯಾಗಿದೆ. ಹಾಗಿರುವಾಗ ಪುರಾತತ್ತ್ವಜ್ಞರೂ ಜೀವವಿಜ್ಞಾನಿಗಳೂ ಒಟ್ಟಿಗೆ ಕೂತು ಓದಬೇಕಾದ ತಾಣವಿದು. ಹಂಚನ್ನು ಉಜ್ಜಿ ಮುದ್ರೆ ಓದುವ ಆತುರ ಹವಳಕ್ಕೆ ಕೇಡು. ಹವಳ ಬೆಳೆದಿದೆಯೆಂದು ಅಳತೆಯನ್ನೇ ಕೈಬಿಡುವುದು ಚರಿತ್ರೆಗೆ ಕೇಡು.

ಈಗ ನಡೆಯುತ್ತಿರುವುದನ್ನು ಹೇಳುತ್ತೇನೆ. ಅಕ್ಟೋಬರ್‌ನಿಂದ ಮೇವರೆಗಿನ ಋತುವಿನಲ್ಲಿ ದ್ವೀಪದ ಕಡೆಗೆ ದಿನವೂ ದೋಣಿಗಳು ಹೊರಡುತ್ತವೆ. ಹೆಚ್ಚಿನವರು ತರಬೇತಿಯಿಲ್ಲದ ಒಂದು ದಿನದ ಅನುಭವಕ್ಕೆ ಬಂದವರು. ಈಜು ಬಾರದವರೂ ಇರುತ್ತಾರೆ. ಒಳ್ಳೆಯ ಬೋಧಕರು ಅವರನ್ನು ಕೈಹಿಡಿದು ಸುರಕ್ಷಿತವಾಗಿ ಕರೆದೊಯ್ಯುತ್ತಾರೆ ಎಂಬುದನ್ನು ಒಪ್ಪಲೇಬೇಕು. ಆದರೆ ನಾನು ಹೋದ ದೋಣಿಯೊಂದರಿಂದ ಲಂಗರನ್ನು ನೇರವಾಗಿ ಬಂಡೆಯ ಮೇಲೆಯೇ ಬಿಟ್ಟರು. ಹಗ್ಗ ಜಗ್ಗಿದಾಗಲೆಲ್ಲ ಅದು ತಳವನ್ನು ಕೆರೆಯುತ್ತಿತ್ತು. ಫೋಟೋಕ್ಕಾಗಿ ಹವಳದ ಮೇಲೆ ಮಂಡಿಯೂರಿಸಿ ಕೂರಿಸುವುದು, ಮೀನು ಸೇರಲೆಂದು ಬ್ರೆಡ್ಡು ಚೆಲ್ಲುವುದು, ಚಂದ ಕಂಡ ಚೂರನ್ನು ಬಿಸಿಡಿಯ (ಡೈವರ್ ತೊಡುವ, ಗಾಳಿ ತುಂಬುವ ಜಾಕೆಟ್ಟಿನ) ಜೇಬಿಗೆ ಇಳಿಸುವುದು, ಇವನ್ನು ತಪ್ಪೆಂದು ಯಾರೂ ಭಾವಿಸಿದಂತಿರಲಿಲ್ಲ. ದೋಣಿಯವರಿಗೆ ಲಂಗರು ಬಿಡಲು ಬೇರೆ ಜಾಗವನ್ನು ಯಾರೂ ತೋರಿಸಿಕೊಟ್ಟಿಲ್ಲ, ತಳದಲ್ಲಿ ಏನಿದೆಯೆಂದು ಪ್ರವಾಸಿಗರಿಗೆ ಯಾರೂ ಹೇಳಿಕೊಟ್ಟಿಲ್ಲ. ದೋಷ ಅಲ್ಲಿಂದ ಶುರುವಾಗುತ್ತದೆ.

ಕಾನೂನು ಇಲ್ಲವೆಂದಲ್ಲ. ದಡದಿಂದ 12 ನಾಟಿಕಲ್ ಮೈಲಿಯವರೆಗಿನ ಕಡಲಿನ ಮೇಲೆ ದೇಶಕ್ಕೆ ಪೂರ್ಣ ಅಧಿಕಾರವಿದೆ, ಈ ತಾಣಗಳು ಆ ಎಲ್ಲೆಯ ತೀರಾ ಒಳಗಿವೆ. 1958ರ ಪುರಾತನ ಸ್ಮಾರಕಗಳ ಕಾಯ್ದೆ ಮತ್ತು 1972ರ ಪ್ರಾಚ್ಯವಸ್ತುಗಳ ಕಾಯ್ದೆ ಎರಡೂ ನೂರು ವರ್ಷ ದಾಟಿದ್ದನ್ನು ರಕ್ಷಣೆಗೆ ಅರ್ಹವೆಂದು ಕಾಣುತ್ತವೆ. ಗಟ್ಟಿಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಎಂದರೆ ಹುಲಿ ಇರುವ ಪಟ್ಟಿಗೇ, ಸೇರಿಸಲಾಗಿದೆ. ಹೀಗಾಗಿ ಹಂಚಿನ ಮೇಲೆ ಬೆಳೆದ ಹವಳಕ್ಕೆ ಹುಲಿಯ ರಕ್ಷಣೆಯಿದ್ದು, ಅದರ ಕೆಳಗಿನ ಹಂಚು ಇಷ್ಟು ಹಳೆಯದೆಂದು ಸಾಬೀತುಪಡಿಸುವ ಹೊರೆ ಮಾತ್ರ ಕದ್ದವರನ್ನು ಹಿಡಿಯುವವರ ಮೇಲೆ ಬೀಳುವ ವಿಚಿತ್ರ ಸ್ಥಿತಿಯಿದೆ. ತಾಣವನ್ನೇ ಹೆಸರಿಸಿ ಘೋಷಿಸಿದರೆ ಈ ತೊಡಕು ನೀಗುತ್ತದೆ. ಯುನೆಸ್ಕೊ 2001ರ ನವೆಂಬರ್‌ನಲ್ಲಿ ಅಂಗೀಕರಿಸಿದ, 2009ರ ಜನವರಿಯಿಂದ ಜಾರಿಯಲ್ಲಿರುವ ಕಡಲಡಿಯ ಸಾಂಸ್ಕೃತಿಕ ಪರಂಪರೆಯ ಒಡಂಬಡಿಕೆಗೆ ಭಾರತ ಇನ್ನೂ ಸೇರಿಲ್ಲ. ಅದು ಹೇಳುವ ಎರಡು ಮಾತುಗಳನ್ನು ಪಾಲಿಸಲು ಸಹಿಗೆ ಕಾಯಬೇಕಾಗಿಲ್ಲ: ಇದ್ದಲ್ಲಿಯೇ ಉಳಿಸುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕು ಮತ್ತು ಹಾನಿ ಮಾಡದ ಹಾಗೆ ನೋಡಬಯಸುವ ಜನರಿಗೆ ಬಾಗಿಲು ತೆರೆದಿರಬೇಕು.

ಎಲ್ಲವನ್ನೂ ಎತ್ತಿ ಸಂಗ್ರಹಾಲಯದಲ್ಲಿ ಇಟ್ಟುಬಿಡಿ ಎನ್ನುವ ಸಲಹೆ ನಮ್ಮ ಊರಿನ ಅಭಿಮಾನಿಗಳಿಂದ ಬಂದೇ ಬರುತ್ತದೆ, ಮಂಗಳೂರಿನ ವಸ್ತು ಮಂಗಳೂರಿಗೆ ಬರಲಿ ಎನ್ನುವ ಭಾವನೆಯೂ ನನಗೆ ಅರ್ಥವಾಗುತ್ತದೆ. ಆದರೆ ಉಪ್ಪುನೀರು ಕುಡಿದ ಮಣ್ಣಿನ ವಸ್ತುವನ್ನು ಹೊರತೆಗೆದು ಒಣಗಲು ಬಿಟ್ಟರೆ ಒಳಗಿನ ಉಪ್ಪು ಹರಳುಗಟ್ಟಿ ಮೈಯನ್ನು ಪದರ ಪದರವಾಗಿ ಸೀಳುತ್ತದೆ. ಸಿಹಿನೀರನ್ನು ಮತ್ತೆ ಮತ್ತೆ ಬದಲಾಯಿಸುತ್ತಾ ತಿಂಗಳುಗಟ್ಟಲೆ ನೆನೆಹಾಕಿ ಉಪ್ಪು ತೆಗೆಯಬೇಕು; ಸುಂಚಿಯ ಫಿರಂಗಿಯಂಥ ಕಬ್ಬಿಣಕ್ಕಾದರೆ ವರ್ಷಗಟ್ಟಲೆಯ ಪ್ರಯೋಗಾಲಯದ ಆರೈಕೆ ಬೇಕು. ಅದಕ್ಕೆ ಹಣವೂ ಪರಿಣತರೂ ಖಾತ್ರಿಯಾಗುವವರೆಗೆ ಕಡಲೇ ಮೇಲಾದ ಉಗ್ರಾಣ. ಇನ್ನೊಂದು ತುದಿಯ ಸಲಹೆ, ಡೈವಿಂಗನ್ನೇ ನಿಷೇಧಿಸುವುದು. ಕಾವಲಿಲ್ಲದ ನಿಷೇಧದಿಂದ ಪ್ರಾಮಾಣಿಕ ಡೈವರ್ ದೂರ ಉಳಿಯುತ್ತಾನೆ, ಕದಿಯುವವನು ನಿರಾತಂಕವಾಗಿ ಇಳಿಯುತ್ತಾನೆ. ತಳದಲ್ಲಿ ಏನಾಗುತ್ತಿದೆಯೆಂದು ಇಲಾಖೆಗೆ ಸುದ್ದಿ ಮುಟ್ಟಿಸಬಲ್ಲವರು ದಿನವೂ ಅಲ್ಲಿಗೆ ಹೋಗುವ ಬೋಧಕರೂ ಮೀನುಗಾರರೂ ಮಾತ್ರ. ಅವರನ್ನು ಹೊರಗಿಟ್ಟು ನಡೆಸುವ ಸಂರಕ್ಷಣೆ ಕಾಗದದ ಮೇಲಷ್ಟೇ ಉಳಿಯುತ್ತದೆ.

ಮಾದರಿ ಬೇಕೆಂದರೆ ಅಮೆರಿಕದ ಫ್ಲಾರಿಡಾ ರಾಜ್ಯವನ್ನು ನೋಡಬಹುದು. 1900ರ ಮೇ 26ರಂದು ಫಿಲಡೆಲ್ಫಿಯಾದಿಂದ ಹವಾನಾಕ್ಕೆ ಕಲ್ಲಿದ್ದಲು ಹೊತ್ತು ಹೊರಟಿದ್ದ ಕೋಪನ್‌ಹೇಗನ್ ಎಂಬ ಉಗಿಹಡಗು ಪೊಂಪಾನೊ ತೀರದ ಬಂಡೆಗೆ ಬಡಿದು ನಿಂತಿತು. ಇಂದು ಅದರ ಅವಶೇಷ 5ರಿಂದ 9 ಮೀಟರ್ ಆಳದಲ್ಲಿದೆ. ಆ ರಾಜ್ಯ 1987ರಿಂದ ಇಂಥ ಹಡಗುಗಳನ್ನು ಒಂದೊಂದಾಗಿ ಕಡಲಡಿಯ ಪುರಾತತ್ತ್ವ ರಕ್ಷಿತ ತಾಣಗಳೆಂದು ಘೋಷಿಸುತ್ತಾ ಬಂದಿದ್ದು, 1994ರಲ್ಲಿ ಕೋಪನ್‌ಹೇಗನ್ ಕೂಡ ಆ ಪಟ್ಟಿಗೆ ಸೇರಿತು. ನೀರಿನಡಿಯಲ್ಲಿ ಒಂದು ಫಲಕ, ದೋಣಿ ಕಟ್ಟಲು ತೇಲುಬುರುಡೆ, ಯಾವ ಭಾಗ ಎಲ್ಲಿದೆಯೆಂದು ತೋರಿಸುವ ನಕ್ಷೆ, ಏನನ್ನೂ ತೆಗೆಯಬಾರದೆಂಬ ನಿಯಮ. ಏರ್ಪಾಡು ಬಹುಮಟ್ಟಿಗೆ ಇಷ್ಟೇ. ಆ ಹಡಗಿಗೂ ಅಂಥ ವೈಭವದ ಹಿನ್ನೆಲೆಯೇನಿಲ್ಲ, ಹೊತ್ತದ್ದು ಕಲ್ಲಿದ್ದಲು. ಸಾಮಾನ್ಯ ಸರಕಿನ ಹಡಗನ್ನೂ ಚರಿತ್ರೆಯೆಂದು ಕಾಣುವ ಮನಸ್ಸು ಅಲ್ಲಿದೆ ಎನ್ನುವ ಕಾರಣಕ್ಕೇ ಈ ಉದಾಹರಣೆಯನ್ನು ಕೊಟ್ಟೆ.

ಹಡಗು ಮುಳುಗಿಸಿ ಡೈವರ್‌ಗಳನ್ನು ಆಕರ್ಷಿಸುವ ಯೋಜನೆಗಳಿಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಹಣ ಸಿಗುತ್ತಿದೆ. ನೌಕಾಪಡೆಯಿಂದ ನಿವೃತ್ತವಾದ ಐಎನ್‌ಎಸ್ ಗುಲ್ದಾರ್ ಹಡಗನ್ನು 2025ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದ ಕಡಲಡಿ ವಸ್ತುಸಂಗ್ರಹಾಲಯ ಯೋಜನೆಗೆ ಹಸ್ತಾಂತರಿಸಲಾಯಿತು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಶುಚಿಗೊಳಿಸಿ ಮುಳುಗಿಸಿದ ಉಕ್ಕಿನ ಹಡಗು ಮೀನಿಗೆ ಮನೆಯಾಗುತ್ತದೆ, ಹಳೆಯ ತಾಣಗಳ ಮೇಲಿನ ಒತ್ತಡವನ್ನೂ ಕಡಿಮೆ ಮಾಡೀತು. ಹೊಸ ಹಡಗನ್ನು ತಳಕ್ಕೆ ಕಳಿಸಲು ಸಿಗುವ ಉತ್ಸಾಹದ ಒಂದು ಪಾಲು, ಆಗಲೇ ತಳದಲ್ಲಿರುವ ಹಡಗುಗಳಿಗೂ ಸಿಗಲಿ ಎನ್ನುವುದಷ್ಟೇ ನನ್ನ ವಾದ.

ಆದ್ದರಿಂದ ಮಾನ್ಯ ಮಹಾನಿರ್ದೇಶಕರಲ್ಲಿ ನನ್ನ ಕೋರಿಕೆ ಇದು. ತಮ್ಮ ಇಲಾಖೆಯ ಕಡಲಡಿ ಪುರಾತತ್ತ್ವ ವಿಭಾಗ 2001ರಲ್ಲಿ ಆರಂಭವಾದುದು, 2025ರಲ್ಲಿ ದ್ವಾರಕೆಯ ಕಡಲಲ್ಲಿ ಅದು ಮತ್ತೆ ಕೆಲಸಕ್ಕಿಳಿದಾಗ ದೇಶವೆಲ್ಲ ಗಮನಿಸಿತು. ಆ ದ್ವಾರಕೆಯ ನೀರಿಗೆ ಮೊದಲು ಶಾಸ್ತ್ರೀಯ ಶೋಧವನ್ನು ಇಳಿಸಿದ ಎಸ್. ಆರ್. ರಾವ್ ಶಿವಮೊಗ್ಗ ಜಿಲ್ಲೆಯವರು, ಗೋವಾದ ಸಾಗರವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವವನ್ನು ಕಟ್ಟಿದವರೂ ಅವರೇ. ಅದೇ ಸಂಸ್ಥೆಯ ಬಳಿ ಸೇಂಟ್ ಜಾರ್ಜ್, ಸುಂಚಿ ಮತ್ತು ಆಮೀ ತಾಣಗಳ ಅಧ್ಯಯನವಿದೆ. ಅದನ್ನು ಆಧಾರವಾಗಿಟ್ಟುಕೊಂಡು ಮೂರೂ ತಾಣಗಳನ್ನು ಮತ್ತೊಮ್ಮೆ ಅಳೆದು, ಚಿತ್ರೀಕರಿಸಿ, ಸಂರಕ್ಷಿತವೆಂದು ಅಧಿಸೂಚನೆ ಹೊರಡಿಸಬೇಕು. ಘೋಷಣೆಗೆ ಮುನ್ನ ಮುರ್ಮುಗೋವಾದ ಮೀನುಗಾರರನ್ನು ಕೇಳಿಯೇ ಮುಂದುವರಿಯಬೇಕು. ಬಲೆ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಅವರಿಗೆ ಗೊತ್ತಿರುವಷ್ಟು, ಶಬ್ದದ ಅಲೆಗಳಿಂದ ತಳವನ್ನು ಅಳೆಯುವ ಯಾವ ಸೋನಾರಿಗೂ ಗೊತ್ತಿರುವುದಿಲ್ಲ.

ಗೋವಾ ಸರ್ಕಾರ ದೋಣಿಗಳಿಗೆ ಶಾಶ್ವತ ತೇಲುಬುರುಡೆಗಳನ್ನು ಹಾಕಿಸಿ, ಬಂಡೆಯ ಮೇಲೆ ಲಂಗರು ಬಿಡುವುದನ್ನು ನಿಲ್ಲಿಸಬೇಕು. ಅವಶೇಷಗಳ ಮೇಲೆ ತರಬೇತಿ ಪಡೆದವರನ್ನಷ್ಟೇ, ಸಣ್ಣ ಗುಂಪುಗಳಲ್ಲಿ, ನೀರಿಗಿಳಿಯುವ ಮುನ್ನ ತಾಣದ ಪರಿಚಯ ಕೇಳಿಸಿಕೊಂಡ ಮೇಲೆ ಬಿಡಬೇಕು. ಮೊದಲ ಸಲ ಇಳಿಯುವವರಿಗೆ ದ್ವೀಪದ ಮರೆಯ ಮರಳಿನ ತಳವೇ ಸಾಕು. ಕರ್ನಾಟಕದ ಇಲಾಖೆಗೆ ಗೋವಾದ ಕಡಲಿನ ಮೇಲೆ ಅಧಿಕಾರವಿಲ್ಲ, ನಿಜ. ಆದರೆ ಯಾವ ಮುದ್ರೆ ಯಾವ ಕಾರ್ಖಾನೆಯದು, ಯಾವ ಅಚ್ಚು ಯಾವ ಕಾಲದ್ದು ಎಂಬುದನ್ನು ಮಂಗಳೂರಿನ ಕಡತಗಳಿಂದ, ಹಳೆಯ ಕಟ್ಟಡಗಳ ಮಾಡುಗಳಿಂದ ಗುರುತಿಸಿ ಒಂದು ಪಟ್ಟಿ ಮಾಡಿಕೊಟ್ಟರೆ, ಕಡಲತಳದ ಹಂಚಿನ ಕಾಲವನ್ನು ಅದನ್ನು ಮೇಲೆತ್ತದೆಯೇ, ಚಿತ್ರ ನೋಡಿಯೇ ಇನ್ನಷ್ಟು ಖಚಿತವಾಗಿ ಹೇಳಲು ಸಾಧ್ಯವಾದೀತು. ಹಳೆಯ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿರುವ ಈ ದಿನಗಳಲ್ಲಿ ಆ ಕೆಲಸವನ್ನು ಬಹುಕಾಲ ಮುಂದೂಡುವಂತಿಲ್ಲ.

ಇನ್ನು ನನ್ನ ಜೊತೆಯ ಡೈವರ್‌ಗಳಿಗೆ, ವಿಶೇಷವಾಗಿ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಕಲಿತು ಈಗ ಗೋವಾದತ್ತ ಹೊರಟಿರುವವರಿಗೆ: ತೇಲುವಿಕೆಯ ಹತೋಟಿ ಬಾರದೆ ಅವಶೇಷದ ಹತ್ತಿರ ಹೋಗಬೇಡಿ, ಏಕೆಂದರೆ ಒಂದು ಫಿನ್ನಿನ ಒದೆತ ಎಬ್ಬಿಸುವ ಕೆಸರು ಸ್ಪಂಜಿನ ಉಸಿರು ಕಟ್ಟಿಸುತ್ತದೆ, ನಿಮ್ಮ ಹಿಂದೆ ಬರುವವರ ನೋಟವನ್ನೂ ಕೆಡಿಸುತ್ತದೆ. ಕೈಗವಸು ಬೇಡ, ಬರಿಗೈಯವರು ಮುಟ್ಟುವುದು ಕಡಿಮೆ. ಮುದ್ರೆಯುಳ್ಳ ಹಂಚು ಕಂಡರೆ ಎಲ್ಲಿದೆಯೋ ಅಲ್ಲಿಯೇ, ಅಳತೆಗೆ ಪಕ್ಕದಲ್ಲಿ ಏನನ್ನಾದರೂ ಹಿಡಿದು ಚಿತ್ರ ತೆಗೆಯಿರಿ, ಆಳವನ್ನು ಗುರುತು ಹಾಕಿಕೊಳ್ಳಿ, ದೋನಾ ಪಾವ್ಲಾದ ಸಂಸ್ಥೆಗೆ ಕಳಿಸಿ. ತಾಣದ ನಿಖರ ಜಾಗವನ್ನು ಸಾಮಾಜಿಕ ಜಾಲತಾಣದಲ್ಲಿ ಹಂಚಬೇಡಿ. ನಿಮ್ಮ ದೋಣಿ ಬಂಡೆಯ ಮೇಲೆ ಲಂಗರು ಬಿಡಲು ಹೊರಟರೆ ಬೇಡವೆನ್ನಿ. ದುಡ್ಡು ಕೊಟ್ಟವರ ಮಾತಿಗೆ ಬೆಲೆಯಿರುತ್ತದೆ.

ಮುಂದಿನ ಅಕ್ಟೋಬರ್‌ನಲ್ಲಿ ದೋಣಿಗಳು ಮತ್ತೆ ಹೊರಡುವ ಮೊದಲು ಕನಿಷ್ಠ ತೇಲುಬುರುಡೆಗಳಾದರೂ ನೀರಿನ ಮೇಲಿರಲಿ. ಉಳಿದ ಕೋರಿಕೆಗಳ ಬಗ್ಗೆ ಈ ಎಲ್ಲ ಇಲಾಖೆಗಳ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಮಂಗಳೂರಿನ ಒಬ್ಬ ಹವ್ಯಾಸಿ ಡೈವರ್